ಸ್ಟೆಮ್ ಸೆಲ್ ಕೇಳಿಕೊಂಡು ಬಂದವರ ಅಂಗಾಲಿನ ಹುಣ್ಣನ್ನು ನಾನು ಮಾಯಿಸಿದ ಬಗೆ

ಜನವರಿಯ ಮೊದಲ ವಾರ, ತೊಗರಿ ರಾಶಿ ಮುಗಿಯುತ್ತಿದ್ದ ದಿನಗಳಲ್ಲಿ, ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಸಕ್ಕರೆ ಕಾಯಿಲೆಯಿದ್ದ 62 ವರ್ಷದ ತಾಯಿಯೊಬ್ಬರನ್ನು ಅವರ ಮಗ ಕಲಬುರಗಿಯ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆಗೆ, ಏಳು ತಿಂಗಳಿಂದ ಮಾಯದ ಹುಣ್ಣಿತ್ತು. ಬಿತ್ತನೆಗೆಂದು ಹೊಲ ಹಸನು ಮಾಡುವಾಗ ಹಳೆಯ ತೊಗರಿ ಕೂಳೆ ಚುಚ್ಚಿದ್ದು ಅವರ ಅರಿವಿಗೇ ಬಂದಿರಲಿಲ್ಲ. ಮನೆಯ ಫರಸಿಯ ಮೇಲೆ ರಕ್ತದ ಹೆಜ್ಜೆ ಮೂಡಿದ್ದನ್ನು ಸೊಸೆ ಕಂಡು ಹೇಳಿದಾಗಲೇ ಅವರು ಕಾಲು ಎತ್ತಿ ನೋಡಿದ್ದು. "ನೋವೇ ಇಲ್ರಿ ಯಪ್ಪಾ, ಮತ್ತ ಗಾಯ ಹ್ಯಾಂಗ ದೊಡ್ಡದಾಗ್ತದ?" ಎಂದು ಅವರು ಕೇಳಿದರು. ಮಗನ ಕೈಯಲ್ಲಿ ದೂರದ ನಗರವೊಂದರ ಚಿಕಿತ್ಸಾಲಯದ ಬಣ್ಣದ ಕರಪತ್ರವಿತ್ತು. ಸ್ಟೆಮ್ ಸೆಲ್ ಚುಚ್ಚುಮದ್ದು ಕೊಟ್ಟರೆ ಕಾಲು ಕತ್ತರಿಸುವ ಪ್ರಮೇಯವೇ ಬರುವುದಿಲ್ಲವೆಂದು ಅದರಲ್ಲಿ ಅಚ್ಚಾಗಿತ್ತು. "ಸಾಹೇಬ್ರ, ಎರಡ್ ಎಕರೆ ಹೊಲ ಅದರಿ. ಮಾರಿದ್ರ ಅವ್ವನ ಕಾಲ್ ಉಳೀತದೇನ್ರಿ?" ಎಂದು ಅವರು ಕೇಳಿದಾಗ, ಮೊದಲು ಕಾಲು ನೋಡೋಣ, ಹೊಲದ ಮಾತು ಆಮೇಲೆ ಎಂದೆ.

ಆ ತಾಯಿ ಕೇಳಿದ ಪ್ರಶ್ನೆಯಲ್ಲಿಯೇ ಅವರ ಕಾಯಿಲೆಯ ಮೂಲವಿತ್ತು. ಸಕ್ಕರೆ ಕಾಯಿಲೆಯಿಂದ ಅಂಗಾಲು ಸ್ಪರ್ಶ ಕಳೆದುಕೊಂಡು ನೋವು ತಿಳಿಯದ್ದರಿಂದಲೇ ಗಾಯ ದೊಡ್ಡದಾಗುತ್ತಿತ್ತು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಹಲವು ಜಾಗಗಳಿಗೆ ತಾಗಿಸಿ, ಕಣ್ಣು ಮುಚ್ಚಿಕೊಂಡು ಹೇಳಿರಿ ಎಂದರೆ ಒಂದೇ ಒಂದು ಜಾಗದಲ್ಲಿಯೂ ಅವರಿಗೆ ಗೊತ್ತಾಗಲಿಲ್ಲ. ಹುಣ್ಣಿನ ಸುತ್ತ ಒಣ ಹಲಸಿನ ಸಿಪ್ಪೆಯಂತೆ ಗಡಸು ಚರ್ಮ ಬೆಳೆದಿತ್ತು. ಅದನ್ನು ಬ್ಲೇಡಿನಿಂದ ಪದರ ಪದರವಾಗಿ ಹೆರೆದಾಗ, ಮೇಲಿನಿಂದ ಕಡಲೆಬೇಳೆಯಷ್ಟು ಕಾಣುತ್ತಿದ್ದ ಬಾಯಿಯ ಕೆಳಗೆ ಐದು ರೂಪಾಯಿ ನಾಣ್ಯಕ್ಕಿಂತ ಅಗಲವಾದ ಹುಣ್ಣು ತೆರೆದುಕೊಂಡಿತು. ಇಷ್ಟು ಕೆಲಸಕ್ಕೆ ಅರಿವಳಿಕೆ ಬೇಕಾಗಲಿಲ್ಲ. ಆ ತಾಯಿ ಮಗನೊಂದಿಗೆ ಎಮ್ಮೆಯ ಮೇವಿನ ವಿಷಯ ಮಾತನಾಡುತ್ತಲೇ ಇದ್ದರು. ಲೋಹದ ಕಡ್ಡಿಯನ್ನು ಗಾಯದ ತಳಕ್ಕೆ ಮೆಲ್ಲಗೆ ಇಳಿಸಿ ನೋಡಿದೆ, ಎಲುಬು ತಾಗಲಿಲ್ಲ. ಎಕ್ಸ್-ರೇಯಲ್ಲಿಯೂ ಎಲುಬು ಸರಿಯಾಗಿತ್ತು. ಹೆಬ್ಬೆರಳಿನ ರಕ್ತದ ಒತ್ತಡ ಚೆನ್ನಾಗಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 11ರ ಮೇಲಿತ್ತು.

ಮಗನಿಗೆ ಸ್ಟೆಮ್ ಸೆಲ್ ಎಂದರೆ ಏನೆಂದು ಕೂಡಿಸಿಕೊಂಡು ವಿವರಿಸಿದೆ. ಕನ್ನಡದಲ್ಲಿ ಆಕರಕೋಶವೆನ್ನುವ ಈ ಜೀವಕೋಶಗಳನ್ನು ಗಾಯದ ಚಿಕಿತ್ಸೆಗಾಗಿ ಸಾಮಾನ್ಯವಾಗಿ ಮೂಳೆಮಜ್ಜೆಯಿಂದ, ಕೊಬ್ಬಿನಿಂದ ಅಥವಾ ಹೊಕ್ಕುಳಬಳ್ಳಿಯಿಂದ ತೆಗೆಯುತ್ತಾರೆ. ಇವು ಬೀಜದಂತೆ ಗಾಯದಲ್ಲಿ ಬೇರುಬಿಟ್ಟು ಹೊಸ ಚರ್ಮವಾಗಿ ಬೆಳೆಯುತ್ತವೆ ಎಂಬುದು ಜನರ ನಂಬಿಕೆ; ಆ ಕರಪತ್ರದ ಚಿತ್ರವೂ ಹಾಗೆಯೇ ಇತ್ತು. ಆದರೆ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಬಹುಕಾಲ ಅಲ್ಲಿ ಉಳಿಯುವುದಿಲ್ಲ. ಉಳಿದಷ್ಟು ದಿನ ಅವು ಸ್ರವಿಸುವ ರಾಸಾಯನಿಕಗಳು ಹೊಸ ರಕ್ತನಾಳಗಳು ಚಿಗುರಲು ಪ್ರಚೋದಿಸುತ್ತವೆ ಮತ್ತು ಉರಿಯೂತವನ್ನು ತಗ್ಗಿಸುತ್ತವೆ. 1991ರಲ್ಲಿ ಇವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರನ್ನು ಬಳಕೆಗೆ ತಂದ ವಿಜ್ಞಾನಿ ಅರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ, ಈ ಹೆಸರು ಜನರನ್ನು ದಾರಿ ತಪ್ಪಿಸುತ್ತಿದೆ, ಇವನ್ನು ಸ್ಟೆಮ್ ಸೆಲ್ ಎನ್ನುವುದನ್ನು ಬಿಡಬೇಕು ಎಂದು ಬರೆದರು. ಸಕ್ಕರೆ ಕಾಯಿಲೆಯವರ ಗಾಯಕ್ಕೆ ಈ ಚಿಕಿತ್ಸೆಯನ್ನು ಹುಡುಕುವುದಕ್ಕೆ ಸಕಾರಣವಿದೆ. ಅವರ ಗಾಯ ಉರಿಯೂತದ ಹಂತದಲ್ಲಿಯೇ ನಿಂತುಬಿಡುತ್ತದೆ. ಹೊಸದಾಗಿ ಹೆಣೆದುಕೊಳ್ಳುವ ಅಂಗಾಂಶವನ್ನು ಗಾಯದಲ್ಲಿರುವ ಕಿಣ್ವಗಳೇ ಕರಗಿಸುತ್ತವೆ. ರಕ್ತನಾಳಗಳು ಬೇಕಾದಷ್ಟು ಚಿಗುರುವುದಿಲ್ಲ. ಈ ಮೂರೂ ಕಡೆ ಆಕರಕೋಶಗಳು ನೆರವಾಗಬಲ್ಲವು ಎಂಬುದಕ್ಕೆ ಪ್ರಯೋಗಾಲಯದ ಆಧಾರವೂ, ಸಣ್ಣ ಪ್ರಮಾಣದ ಚಿಕಿತ್ಸಾ ಪ್ರಯೋಗಗಳ ಆಧಾರವೂ ಇದೆ. ಈ ದಾರಿ ಒಂದು ದಿನ ತೆರೆಯುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಆದರೆ ಎಷ್ಟೇ ಒಳ್ಳೆಯ ಕೋಶವನ್ನು ಹಾಕಿದರೂ, ಆ ತಾಯಿ ಮರುದಿನ ಅದೇ ಜಾಗದ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಬಾವಿಗೂ ಕೊಟ್ಟಿಗೆಗೂ ಓಡಾಡಿದರೆ ಆ ಕೋಶಗಳು ಅಲ್ಲಿಯೇ ಅರೆದುಹೋಗುತ್ತವೆ. ಮೇಲಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಚಿಕಿತ್ಸಾ ಪ್ರಯೋಗದೊಳಗೇ ನಡೆಯಬೇಕು. ಹಾಗಾಗಿ ಆ ಚಿಕಿತ್ಸಾಲಯಕ್ಕೆ ಫೋನ್ ಮಾಡಿ, ನಿಮ್ಮದು ಪ್ರಯೋಗವಾದರೆ ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆ ಯಾವುದು, ಪ್ರಯೋಗವೆಂದ ಮೇಲೆ ರೋಗಿಯಿಂದ ಹಣ ಕೇಳುವುದೇಕೆ ಎಂದು ವಿಚಾರಿಸಲು ಮಗನಿಗೆ ಹೇಳಿದೆ. ಅವರು ನನ್ನ ಎದುರಿಗೇ ಫೋನ್ ಮಾಡಿದರು. ಸಂಖ್ಯೆ ಸಿಗಲಿಲ್ಲ, ಮುಂಗಡ ಕಟ್ಟಿದರೆ ರಿಯಾಯಿತಿ ಉಂಟು ಎಂಬ ಉತ್ತರ ಸಿಕ್ಕಿತು.

ಈ ವಿಷಯದಲ್ಲಿ ನಾನು ಇಷ್ಟು ಎಚ್ಚರವಹಿಸುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ, ಹಿಮ್ಮಡಿಯ ಹುಣ್ಣಿದ್ದ ಶಾಲಾ ಶಿಕ್ಷಕರೊಬ್ಬರಿಗೆ ಅವರ ರಕ್ತದಿಂದಲೇ ಬೇರ್ಪಡಿಸಿದ ಪ್ಲೇಟ್‌ಲೆಟ್ ಸಾರವನ್ನು ವಾರಕ್ಕೊಮ್ಮೆಯಂತೆ ಐದು ಬಾರಿ ಗಾಯಕ್ಕೆ ಹಾಕಿದೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಪರೀಕ್ಷೆಯಲ್ಲಿ 1.4 ಬಂದಿತ್ತು, ರಕ್ತ ಚೆನ್ನಾಗಿಯೇ ಹರಿಯುತ್ತಿದೆ ಎಂದುಕೊಂಡೆ. ದೀರ್ಘಕಾಲದ ಮಧುಮೇಹದಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಅದು ಕೊಳವೆಯಂತೆ ಗಡಸಾಗುತ್ತದೆ, ಪಟ್ಟಿ ಬಿಗಿದರೂ ಅಮುಕುವುದಿಲ್ಲ, ಅದರಿಂದಾಗಿ ಅಂಕಿ ಸುಳ್ಳಾಗಿ ಮೇಲೇರುತ್ತದೆ. ಇದು ನಾನು ಓದಿ ಬಲ್ಲ ವಿಷಯವಾಗಿತ್ತು. ಆದರೂ ಆ ದಿನ ಅಂಕಿಯನ್ನು ನಂಬಿದೆ. ಆರನೆಯ ವಾರ ಹುಣ್ಣಿನ ಅಂಚು ಕಪ್ಪಾಯಿತು. ಕಡೆಗೆ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಮೊದಲ ವಾರವೇ ರಕ್ತನಾಳ ತಜ್ಞರಲ್ಲಿಗೆ ಕಳಿಸಿದ್ದರೆ ಆ ಕಾಲು ಉಳಿಯುವ ಸಾಧ್ಯತೆಯಿತ್ತು ಎಂಬ ನೋವು ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಕಾಲ್ಬೆರಳಿನ ರಕ್ತದೊತ್ತಡ ನೋಡದೆ ಯಾವ ಹುಣ್ಣಿಗೂ ಮುಂದಿನ ಚಿಕಿತ್ಸೆಯನ್ನು ನಾನು ತೀರ್ಮಾನಿಸಿಲ್ಲ. ಅದು 30 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿದ್ದರೆ ಆಂಜಿಯೊಪ್ಲಾಸ್ಟಿಯ ವಿಚಾರಕ್ಕೆ ತಡಮಾಡದೆ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುತ್ತೇನೆ.

ಚಿತ್ತಾಪುರದ ತಾಯಿಗೆ ಬೇಕಾಗಿದ್ದದ್ದು ಭಾರ ಇಳಿಸುವ ಪ್ಲಾಸ್ಟರ್. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಅಂಗಾಲಿನ ಹುಣ್ಣುಗಳು ರೋಗದಿಂದ ಕೊಳೆಯುತ್ತಿಲ್ಲ, ನೋವಿಲ್ಲದ ನಡಿಗೆಯಿಂದ ಸವೆಯುತ್ತಿವೆ ಎಂದು ಕಂಡುಕೊಂಡು, ಪ್ಲಾಸ್ಟರ್ ಹಾಕಿ ಅವನ್ನು ಮಾಯಿಸಿ ತೋರಿಸಿದರು. ಮುಂದೆ ಇದೇ ಪದ್ಧತಿ ಅಮೆರಿಕಕ್ಕೆ ಹೋಗಿ ಮಧುಮೇಹಿಗಳ ಪಾದಕ್ಕೆ ಬಳಕೆಯಾಯಿತು. ರೋಗಿಯನ್ನು ಬೋರಲು ಮಲಗಿಸಿ, ಮೊಣಕಾಲು ಮಡಿಸಿ, ಪಾದ ಕಾಲಿಗೆ ಲಂಬಕೋನದಲ್ಲಿ ನಿಲ್ಲುವಂತೆ ಸಹಾಯಕರು ಹಿಡಿಯುತ್ತಾರೆ. ಗಾಯಕ್ಕೆ ತೆಳ್ಳನೆಯ ಡ್ರೆಸ್ಸಿಂಗ್, ಬೆರಳುಗಳ ಸುತ್ತ ಮೆತ್ತನೆಯ ಫೋಮ್, ಕಣಕಾಲಿನ ಗಂಟುಗಳಿಗೂ ಮುಂಗಾಲಿನ ಎಲುಬಿಗೂ ಫೆಲ್ಟ್ ಪಟ್ಟಿ. ಮುರಿದ ಎಲುಬಿಗೆ ಹಾಕುವ ಪ್ಲಾಸ್ಟರಿನಂತೆ ಹತ್ತಿಯನ್ನು ದಪ್ಪಗೆ ಸುತ್ತುವಂತಿಲ್ಲ, ಏಕೆಂದರೆ ಇಡೀ ಅಂಗಾಲಿಗೆ ಪ್ಲಾಸ್ಟರ್ ಒತ್ತಾಗಿ ಕೂತರೆ ಮಾತ್ರ ಒಂದೇ ಬಿಂದುವಿನ ಮೇಲೆ ಬೀಳುತ್ತಿದ್ದ ಭಾರ ಪಾದಕ್ಕೆಲ್ಲ ಹಂಚಿಹೋಗುತ್ತದೆ. ಮೊದಲ ಪದರವನ್ನು ಅಂಗೈಯಿಂದ ನೀವಬೇಕು. ಬೆರಳು ಒತ್ತಿದರೆ ಆಗುವ ಒಂದು ಸಣ್ಣ ತಗ್ಗು ಒಳಗೆ ಇನ್ನೊಂದು ಹುಣ್ಣನ್ನು ಮಾಡುತ್ತದೆ, ರೋಗಿಗೆ ಅದು ತಿಳಿಯುವುದೂ ಇಲ್ಲ. ಈ ಕಾರಣಕ್ಕಾಗಿಯೇ ಪ್ಲಾಸ್ಟರನ್ನು ನಾನೇ ಹಾಕುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ. ಆಳವಾದ ಸೋಂಕು ಇದ್ದವರಿಗೂ ರಕ್ತ ಸಾಲದವರಿಗೂ ಇದನ್ನು ಹಾಕುವಂತಿಲ್ಲ.

ಊತ ಇಳಿದು ಪ್ಲಾಸ್ಟರ್ ಸಡಿಲಾಗುವುದರಿಂದ ಮೊದಲನೆಯದನ್ನು ಮೂರನೆಯ ದಿನವೇ ಬದಲಿಸಿದೆ, ಆಮೇಲೆ ವಾರಕ್ಕೊಮ್ಮೆ. ಪ್ರತಿ ಸಲವೂ ಗಾಯದ ಮೇಲೆ ಶುಚಿಯಾದ ಪಾರದರ್ಶಕ ಹಾಳೆ ಇಟ್ಟು ಅಂಚನ್ನು ಪೆನ್ನಿನಿಂದ ಗುರುತಿಸಿ, ಗ್ರಾಫ್ ಕಾಗದದ ಮೇಲಿಟ್ಟು ಚೌಕಗಳನ್ನು ಎಣಿಸಿದೆವು. ಎಣಿಸುವ ಕೆಲಸವನ್ನು ಮಗನಿಗೇ ಕೊಟ್ಟಿದ್ದೆ. ಮೊದಲ ದಿನ 6.4 ಚದರ ಸೆಂಟಿಮೀಟರ್ ಇದ್ದದ್ದು ನಾಲ್ಕನೆಯ ವಾರಕ್ಕೆ 2.9ಕ್ಕೆ ಇಳಿಯಿತು. ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿದರೆ ಹನ್ನೆರಡು ವಾರದೊಳಗೆ ಮಾಯುವ ಭರವಸೆ ಇಟ್ಟುಕೊಳ್ಳಬಹುದು; ಇಳಿಯದಿದ್ದರೆ ಏನೋ ತಪ್ಪಿದೆ ಎಂದು ಹುಡುಕಬೇಕು. ಆ ದಿನ ಮಗ ಚೌಕಗಳನ್ನು ಎರಡು ಸಲ ಎಣಿಸಿದರು. ಇನ್ಸುಲಿನ್ ಬೇಡವೆಂದು ಹಟ ಹಿಡಿದಿದ್ದ ತಾಯಿ ಅಂದೇ ಒಪ್ಪಿಕೊಂಡರು. ಹೋಳಿಯ ನಂತರ ಶರಣಬಸವೇಶ್ವರರ ತೇರು ಬಂದಾಗ, ಬರಿಗಾಲಲ್ಲಿ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ, ಒಂದು ದಿನ ಪ್ಲಾಸ್ಟರ್ ತೆಗೆದುಕೊಡಿ ಎಂದು ಅಂಗಲಾಚಿದರು. ಬಿಸಿಲಿಗೆ ಕಾದ ಫರಸಿಯ ಮೇಲೆ ನಡೆದು, ಬೊಬ್ಬೆ ಎದ್ದದ್ದು ಕೂಡ ತಿಳಿಯದೆ ಬರುವವರನ್ನು ಪ್ರತಿ ಬೇಸಿಗೆಯಲ್ಲಿ ನೋಡುವ ನನಗೆ ಅದನ್ನು ಒಪ್ಪುವುದು ಸಾಧ್ಯವಿರಲಿಲ್ಲ. ಮಗ ಅವರ ಪರವಾಗಿ ಹೋಗಿ ಬಂದರು. ಹನ್ನೊಂದನೆಯ ವಾರ ಚರ್ಮ ಕೂಡಿಕೊಂಡಿತು.

ಎಲ್ಲರ ಕಾಲಿಗೂ ಪ್ಲಾಸ್ಟರ್ ಸಾಕಾಗುವುದಿಲ್ಲ. ರಕ್ತನಾಳ ಕಟ್ಟಿಕೊಂಡು, ಆಂಜಿಯೊಪ್ಲಾಸ್ಟಿಯೂ ಬೈಪಾಸೂ ಸಾಧ್ಯವಿಲ್ಲದವರು ಇದ್ದೇ ಇರುತ್ತಾರೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮಜ್ಜೆಯಿಂದ ಬೆಳೆಸುವ ಸ್ಟೆಂಪ್ಯೂಸೆಲ್ ಎಂಬ ಆಕರಕೋಶ ಔಷಧಕ್ಕೆ, ಹೊಗೆಸೊಪ್ಪಿನ ಚಟದವರಿಗೆ ಬರುವ, ಕೈಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಜರ್ ಕಾಯಿಲೆಯಲ್ಲಿ ಬಳಸಲು 2016ರಲ್ಲಿ ಸೀಮಿತ ಅನುಮತಿ ದೊರೆಯಿತು. ಕೊಬ್ಬು ಕಟ್ಟಿದ ರಕ್ತನಾಳದಿಂದ ಕಾಲಿಗೆ ರಕ್ತ ಹರಿಯುವುದು ತೀರಾ ಕಡಿಮೆಯಾದವರಿಗೂ 2020ರಲ್ಲಿ ಅನುಮತಿ ಸಿಕ್ಕಿತು. ಅಂಥವರು ಬಂದಾಗ ಈ ಸಾಧ್ಯತೆಯನ್ನು ಅವರ ಮುಂದಿಟ್ಟು, ರಕ್ತನಾಳ ತಜ್ಞರ ಅಭಿಪ್ರಾಯಕ್ಕೆ ಪತ್ರ ಬರೆದುಕೊಡುತ್ತೇನೆ. ಅನುಮತಿ ಇರುವ ಔಷಧಕ್ಕೂ ಕರಪತ್ರದ ಚುಚ್ಚುಮದ್ದಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುವುದಕ್ಕೆ ಅರ್ಧ ತಾಸು ಹಿಡಿದರೂ ಹೇಳುತ್ತೇನೆ.

ಮಾಯ್ದ ಹುಣ್ಣು ಒಂದು ವರ್ಷದೊಳಗೆ ಮರಳುವುದು ನೂರರಲ್ಲಿ ಸುಮಾರು 40 ಮಂದಿಗೆ. ಅದಕ್ಕಾಗಿ ಆ ತಾಯಿಗೆ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಮಾಡಿಸಿಕೊಟ್ಟು, ಮನೆಯೊಳಗೂ ಅದನ್ನು ಬಿಡಬಾರದೆಂದು ಹೇಳಿದ್ದೇನೆ. ಸೊಸೆ ರಾತ್ರಿ ಊಟವಾದ ಮೇಲೆ ಬ್ಯಾಟರಿ ಬೆಳಕಿನಲ್ಲಿ ಎರಡೂ ಅಂಗಾಲುಗಳನ್ನು ನೋಡುತ್ತಾರೆ. ಕಳೆದ ಸಲ ಬಂದಾಗ ಅದೇ ಜಾಗದಲ್ಲಿ ಅಕ್ಕಿಕಾಳಿನಷ್ಟು ಗಡಸು ಚರ್ಮ ಮತ್ತೆ ಕಟ್ಟಿಕೊಂಡಿತ್ತು. ಹೆರೆದು ನೋಡಿದೆ, ಕೆಳಗೆ ಚರ್ಮ ಇಡಿಯಾಗಿಯೇ ಇತ್ತು. ಆರು ವಾರದ ಬದಲು ನಾಲ್ಕು ವಾರಕ್ಕೇ ಬರಲು ಹೇಳಿ ಚೀಟಿ ಬರೆದುಕೊಟ್ಟೆ.