ಹವಳದ ಟ್ಯಾಂಕಿಗೆ ಮರಳೆಷ್ಟು, ಫಿಲ್ಟರ್ ಯಾವುದು

ಉಪ್ಪುನೀರಿನ ಹವಳದ ಟ್ಯಾಂಕಿಗೆ ಹೊಂದುವುದು ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಖನಿಜ) ಮರಳು. ಎಂ-ಸ್ಯಾಂಡ್, ಹೊಳೆ ಮರಳು ಬೇಡ. ಕಡಲತೀರದಿಂದ ಚೀಲ ತುಂಬಿ ತಂದದ್ದಂತೂ ಬೇಡವೇ ಬೇಡ. ಅಂಗಡಿಯ ಮರಳಿನ ಮೇಲೆ ಅನುಮಾನವಿದ್ದರೆ ಒಂದು ಚಮಚಕ್ಕೆ ವಿನೆಗರ್ ಹನಿಸಿ. ಬುರುಬುರು ಗುಳ್ಳೆ ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಏನೂ ಆಗದಿದ್ದರೆ ಸಿಲಿಕಾ, ವಾಪಸ್ ಕೊಟ್ಟುಬಿಡಿ.

ಕಾಳು 1ರಿಂದ 2 ಮಿ.ಮೀ. ಇರಲಿ. ಚಿರೋಟಿ ರವೆಯಷ್ಟು ನುಣ್ಣಗಿದ್ದರೆ ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪು) ಹಾಕಿದ ಕೂಡಲೇ ಎದ್ದು ಹವಳದ ಮೇಲೆ ಕೂರುತ್ತದೆ. ತೀರಾ ದಪ್ಪ ಚೂರಾದರೆ ಸಂದಿಯಲ್ಲಿ ಮೀನಿನ ಹಿಕ್ಕೆ, ಉಳಿದ ತಿನಿಸು ಸೇರಿ ಕೊಳೆಯುತ್ತದೆ.

ಆಳ 3 ಸೆಂ.ಮೀ. ಸಾಕು. 90×45 ಸೆಂ.ಮೀ. ತಳಕ್ಕೆ ಸುಮಾರು 12 ಲೀಟರ್, ಅಂದರೆ 17–18 ಕೆ.ಜಿ. ಮರಳು ಹಿಡಿಯುತ್ತದೆ. 10 ಸೆಂ.ಮೀ. ಮೀರಿದ ಹಾಸಿನ ಅಡಿಯಲ್ಲಿ ಆಮ್ಲಜನಕವಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಅನಿಲವಾಗಿಸುತ್ತವೆ, ನಿಜ. ಕೆಡಿಸುವುದು ನಡುವಿನ 5–8 ಸೆಂ.ಮೀ.: ಆ ಕೆಲಸವೂ ಸರಿಯಾಗಿ ಆಗದು, ಪೈಪ್ ಹಾಕಿ ಕೊಳೆ ಎಳೆಯಲೂ ಆಗದು. ಗಾಜಿನಂಚಲ್ಲಿ ಕಪ್ಪು ಪಟ್ಟೆ ಕಂಡರೆ ಕೆದಕಬೇಡಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಂದು ಮೀನು ಸಾಯಬಹುದು.

ಒಣ ಮರಳನ್ನು ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಲೈವ್ ಸ್ಯಾಂಡ್ (ಜೀವಂತ ಬ್ಯಾಕ್ಟೀರಿಯಾ ಇರುವ ಒದ್ದೆ ಮರಳು) ಆದರೆ ತೊಳೆಯಬಾರದು. ಮೊದಲು ಕಲ್ಲನ್ನು ಗಾಜಿನ ತಳಕ್ಕೇ ಕೂರಿಸಿ, ಸುತ್ತ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಬಿಲ ತೋಡುವ ಗೋಬಿ ಮೀನು ಒಂದು ದಿನ ಅದನ್ನು ಉರುಳಿಸುತ್ತದೆ.

ನಿಜವಾದ ಫಿಲ್ಟರ್ ಈ ಕಲ್ಲೇ: ಇದರ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಮೀನಿನ ಕಸದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುತ್ತವೆ. 180 ಲೀಟರ್ ಟ್ಯಾಂಕಿಗೆ ರಂಧ್ರಗಳಿರುವ ಒಣ ಕಲ್ಲು ಸುಮಾರು 15 ಕೆ.ಜಿ. ಬೇಕು. ನಮ್ಮಲ್ಲಿ ಕಡಲಿನಿಂದ ಹವಳ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಾಗಾಗಿ ಸೆರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕಲ್ಲೇ ಕೊಳ್ಳಿ. ಕಲ್ಲು ಸಿದ್ಧವಾಗಿದೆಯೇ ಎಂದು ನೋಡಲು ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ 2 ಪಾಲು) ಏರಿಸಿದರೆ 24 ಗಂಟೆಯೊಳಗೆ ಅದೂ ನೈಟ್ರೈಟೂ ಸೊನ್ನೆಗಿಳಿಯಬೇಕು. ಆ ಹಂತ ತಲುಪಲು ಸಾಮಾನ್ಯವಾಗಿ 4–6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ಬಿಡಬೇಡಿ.

ಕೊಳೆಯುವ ಮೊದಲೇ ಕಸ ತೆಗೆಯುವುದು ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆ ಎಬ್ಬಿಸಿ ನೊರೆಯೊಡನೆ ಕಸ ಎತ್ತುವ ಸಾಧನ), ಬೇಳೆ ಕುದಿಯುವಾಗ ನೊರೆ ತೆಗೆದ ಹಾಗೆ. ಅದರ ನೊರೆ ಸೇರುವ ಕಪ್ಪಿನಲ್ಲಿ ಡಿಕಾಕ್ಷನ್ ಬಣ್ಣದ ನೀರು ಸೇರಿದರೆ ಹದ ಸರಿಯಿದೆ. ತಿಳಿನೀರೇ ತುಂಬಿದರೆ ಸ್ಕಿಮ್ಮರ್ ಒಳಗಿನ ನೀರಿನ ಮಟ್ಟ ಇಳಿಸಿ. ಹೊಸದು ಪಳಗಲು ಒಂದೆರಡು ವಾರ ಬೇಕು. 200 ಮೈಕ್ರಾನ್ ಫಿಲ್ಟರ್ ಸಾಕ್ಸ್ (ಕಸ ಸೋಸುವ ಬಟ್ಟೆ ಚೀಲ) 3–4 ದಿನಕ್ಕೊಮ್ಮೆ ಬದಲಾಯಿಸಿ. ವಾರಗಟ್ಟಲೆ ತೊಳೆಯದೆ ಬಿಟ್ಟ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿ ಫಿಲ್ಟರ್) ಸ್ಪಂಜು ನೈಟ್ರೇಟ್ ಕಾರ್ಖಾನೆಯೇ ಸರಿ.

ಸ್ಕಿಮ್ಮರ್, ಸಾಕ್ಸ್ ಕೂರುವುದು ಟ್ಯಾಂಕಿನ ಕೆಳಗಿನ ಸಂಪಿನಲ್ಲಿ (ಮನೆಯಂಗಳದ ಸಂಪ್ ಅಲ್ಲ, ಗಾಜಿನದು). ಮೇಲಕ್ಕೆ ನೀರೆತ್ತುವ ಪಂಪು ಗಂಟೆಗೆ ಟ್ಯಾಂಕಿನ 3–5 ಪಟ್ಟು ನೀರು ತಳ್ಳಿದರೆ ಸಾಕು. ಕರೆಂಟು ಹೋದಾಗ ಮೇಲಿನ ನೀರು ಕೆಳಗಿಳಿಯುತ್ತದೆ. ಅಷ್ಟಕ್ಕೂ ಸಂಪಿನಲ್ಲಿ ಜಾಗ ಬೇಕು. ಪ್ಲಗ್ ಕಿತ್ತು ನೋಡಿ, ನೀರು ನಿಂತ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಮೇಲೆ ನೀರು ಬಿಡುವ ಪೈಪಿಗೆ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಒಂದು ಸಣ್ಣ ತೂತಿರಲಿ: ನೀರು ಅಲ್ಲಿಗಿಳಿದಾಗ ಗಾಳಿ ನುಗ್ಗಿ ಸೈಫನ್ (ಪೈಪಿನಲ್ಲಿ ನೀರು ತಾನಾಗಿ ಕೆಳಕ್ಕೆ ಎಳೆದುಕೊಳ್ಳುವುದು) ಕಡಿಯುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಒಂದು ಕಡ್ಡಿ ಆಡಿಸಿ.