ಹಳೆಯ ಪ್ಯಾಂಟಿಗೆ ಎಪ್ಪತ್ತರ ದಶಕದ ಘೇರು

ನವೆಂಬರ್ 14ರ ಮಕ್ಕಳ ದಿನಾಚರಣೆ ಹತ್ತಿರವಾದಂತೆ ಛದ್ಮವೇಷ ಸ್ಪರ್ಧೆಯ ಚೀಟಿಗಳು ಮನೆಗೆ ಬರತೊಡಗುತ್ತವೆ. ಅದರಲ್ಲಿ ‘ರೆಟ್ರೊ’ ಎಂಬ ಪದ ಕಂಡೊಡನೆ ಬಾಡಿಗೆ ಅಂಗಡಿಗೆ ಓಡುವವರೇ ಹೆಚ್ಚು. ನಾನೂ ಒಮ್ಮೆ ಓಡಿದ್ದೆ. ತಂದ ಮಿರುಗುವ ಕೋಟು ಮಗಳ ಕುತ್ತಿಗೆಯನ್ನು ಕೆಂಪಗೆ ಕೆರೆದು, ವೇದಿಕೆ ಹತ್ತುವ ಮೊದಲೇ ಕಳಚಬೇಕಾಯಿತು. 1970ರ ದಶಕವನ್ನು ತೋರಿಸಲು ವಿಗ್ಗೂ ಬೇಡ, ಮಿರುಗೂ ಬೇಡ. ಮೊಣಕಾಲಿನ ಕೆಳಗೆ ಅರಳುವ ಬೆಲ್ ಬಾಟಂ ಮತ್ತು ಉದ್ದ ಮೂತಿಯ ಕಾಲರ್ ಇದ್ದರೆ ನೋಡಿದವರಿಗೆ ಕಾಲ ಗೊತ್ತಾಗುತ್ತದೆ.

ಏಳು ವರ್ಷದ ಮಗುವಿನ ಅಳತೆಯನ್ನು ಇಟ್ಟುಕೊಂಡು ಹೇಳುತ್ತೇನೆ. ತೊಡೆಯವರೆಗೆ ಮೈಗೆ ಒಪ್ಪಿ ಕೂರುವ ಹಳೆಯ ಪ್ಯಾಂಟು ಮತ್ತು ಒಂದು ಬಣ್ಣದ ಅಂಗಿ ಬೇಕು. ಘೇರಿಗೆ, ಅಂದರೆ ಕಾಲಿನ ಕೆಳಭಾಗ ಅರಳುವಂತೆ ಸೇರಿಸುವ ತುಂಡಿಗೆ, ಅಜ್ಜಿಯ ಟ್ರಂಕಿನಲ್ಲಿರುವ ದೊಡ್ಡ ಹೂವಿನ ನೈಲೆಕ್ಸ್ (ನೈಲಾನ್ ಬಗೆಯ ನುಣುಪು ಬಟ್ಟೆ) ಸೀರೆಯಷ್ಟು ಒಪ್ಪುವಂಥದ್ದು ಬೇರೆ ಇಲ್ಲ, ಆದರೆ ಕತ್ತರಿ ಹಾಕುವ ಮೊದಲು ಅಜ್ಜಿಯ ಅಪ್ಪಣೆ ಪಡೆಯಬೇಕು. ಸಿಗದಿದ್ದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳಲ್ಲಿ ಅರ್ಧ ಮೀಟರ್ ಕೊಂಡರೆ ಸಾಕು.

ಮೊದಲು ಪ್ಯಾಂಟಿನ ಎರಡೂ ಕಾಲುಗಳ ಕೆಳಮಡಿಕೆಯನ್ನು ಬಿಡಿಸಿ, ಹೊರಬದಿಯ ಹೊಲಿಗೆಯನ್ನು ಕೆಳಗಿನಿಂದ ಮೊಣಕಾಲಿನವರೆಗೆ, ಅಂದರೆ ಸುಮಾರು 10 ಇಂಚು ಬಿಚ್ಚಬೇಕು. ಬಿಚ್ಚಿದ್ದು ನಿಂತ ಜಾಗದಲ್ಲಿ ಕೈಯಿಂದ ಮೂರು ಗಟ್ಟಿ ಹೊಲಿಗೆ ಹಾಕದಿದ್ದರೆ, ಮಗು ಕುಣಿಯುವಾಗ ಅದು ಮೇಲಕ್ಕೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಬಳಿಕ ಹಳೆಯ ಪತ್ರಿಕೆಯ ಮೇಲೆ 10 ಇಂಚಿನ ನೇರ ಗೆರೆ ಎಳೆದು, ಅದರ ಬುಡದಲ್ಲಿ ಎರಡೂ ಕಡೆಗೆ 3 ಇಂಚು ಗುರುತಿಸಿ ತ್ರಿಕೋನ ಬರೆಯಿರಿ. ಬುಡದ ಗೆರೆ ನೇರವಾಗಿರಬಾರದು: ತುದಿಯಲ್ಲಿ ದಾರ ಹಿಡಿದು ಬಿಲ್ಲಿನಂತೆ ಬಾಗಿಸಿ ಬರೆದರೆ ಮಾತ್ರ ಅಂಚು ಸಮನಾಗಿ ನಿಲ್ಲುತ್ತದೆ. ಹೊಲಿಗೆಗೆ ಪಕ್ಕಗಳಲ್ಲಿ ಅರ್ಧ ಇಂಚು, ಮಡಿಕೆಗೆ ಕೆಳಗೆ ಒಂದು ಇಂಚು ಹೆಚ್ಚು ಬಿಟ್ಟು ಇಂಥ ಎರಡು ತುಂಡು ಕತ್ತರಿಸಬೇಕು. ತ್ರಿಕೋನದ ನಡುಗೆರೆ ಬಟ್ಟೆಯ ಉದ್ದದ ಎಳೆಯ ಮೇಲೆಯೇ ಇರಲಿ.

ಕಷ್ಟವೆಲ್ಲ ತ್ರಿಕೋನದ ತುದಿಯಲ್ಲಿದೆ. ಕೆಳಗಿನಿಂದ ಮೇಲಕ್ಕೆ ಹೊಲಿದು ಬಂದರೆ ಅಲ್ಲಿ ಬಟ್ಟೆ ಗುಪ್ಪೆಯಾಗಿ ಮೊಣಕಾಲಿನ ಮೇಲೆ ಸುಕ್ಕು ನಿಲ್ಲುತ್ತದೆ. ಆದ್ದರಿಂದ ತುದಿಯನ್ನು ಮೊದಲು ಕೈಯಿಂದ ಕೂಡಿಸಿ, ಪ್ರತಿ ಪಕ್ಕವನ್ನೂ ತುದಿಯಿಂದ ಕೆಳಕ್ಕೆ, ಬೇರೆಬೇರೆಯಾಗಿ ಹೊಲಿಯಬೇಕು. ನೈಲೆಕ್ಸ್ ಸೂಜಿಯ ಕೆಳಗೆ ಜಾರುವ ಬಟ್ಟೆ; 11ನೇ ನಂಬರಿನ ಸೂಜಿ ಹಾಕಿ, ಬಟ್ಟೆಯ ಅಡಿಯಲ್ಲಿ ಪತ್ರಿಕೆಯ ಪಟ್ಟಿಯಿಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆದರೆ ಹೊಲಿಗೆ ನೇರವಾಗಿ ಬರುತ್ತದೆ. ಓರೆ ಎಳೆ ಬಿದ್ದ ಪಕ್ಕಗಳು ತೂಕಕ್ಕೆ ಜಗ್ಗುವುದರಿಂದ ಪ್ಯಾಂಟನ್ನು ಒಂದು ರಾತ್ರಿ ತೂಗುಹಾಕಿ, ಬೆಳಿಗ್ಗೆ ಅಂಚನ್ನು ಸಮ ಮಾಡಿದ ಮೇಲೆಯೇ ಮಡಿಕೆ ಹಾಕಬೇಕು.

ಕಾಲರ್ ಇಷ್ಟು ಸತಾಯಿಸುವುದಿಲ್ಲ. ಅಂಗಿಯ ಕಾಲರನ್ನು ಬಿಚ್ಚಿ ಕಾಗದದ ಮೇಲಿಟ್ಟು, ಕುತ್ತಿಗೆಯ ಅಂಚನ್ನು ಇದ್ದಷ್ಟೇ ಉಳಿಸಿ, ಎರಡು ಮೂತಿಗಳನ್ನು ಮಾತ್ರ ಒಂದೂವರೆ ಇಂಚು ಉದ್ದ ಮಾಡಿಕೊಳ್ಳಿ. ಸೀರೆ ಬಟ್ಟೆಯ ಎರಡು ಪದರಕ್ಕೆ ಬಕ್ರಂ (ಕಾಲರ್ ಸೆಟೆದು ನಿಲ್ಲಿಸುವ ಗಟ್ಟಿ ಬಟ್ಟೆ) ಸೇರಿಸಿ ಹೊರಗಿನ ಮೂರು ಬದಿ ಹೊಲಿದು, ಮೂಲೆಗಳ ಹೆಚ್ಚುವರಿ ಕತ್ತರಿಸಿ ತಿರುವಿ ಹಾಕಿ, ಮೊಂಡು ಪೆನ್ಸಿಲಿನಿಂದ ಮೂತಿಯನ್ನು ಹೊರಕ್ಕೆ ತಳ್ಳಿದರೆ ಆಯಿತು. ಅಂಗಿಯ ಕುತ್ತಿಗೆಯ ಹಳೆಯ ಪಟ್ಟಿಗೆ ಕೂಡಿಸುವುದು ಬಿಚ್ಚಿದ ದಾರಿಯಲ್ಲೇ. ಇಸ್ತ್ರಿ ಹದವಾಗಿ ಕಾದಿರಲಿ, ಮೇಲೊಂದು ಹತ್ತಿ ಬಟ್ಟೆ ಹಾಸಿರಲಿ, ಇಲ್ಲದಿದ್ದರೆ ನೈಲೆಕ್ಸ್ ಅಂಟಿ ಕರಗುತ್ತದೆ.

ನಮ್ಮೂರಿನಲ್ಲಿ ನವೆಂಬರಿನ ಮಧ್ಯಾಹ್ನವೂ ಬೆಚ್ಚಗಿರುವುದರಿಂದ ಒಳಗೆ ಹತ್ತಿಯ ಬನಿಯನ್ ಹಾಕಿ, ಪಿನ್ನುಗಳ ಬದಲು ಹುಕ್ಕು ಬಳಸುವುದು ಕ್ಷೇಮ. ಸ್ಪರ್ಧೆಯ ಹಿಂದಿನ ದಿನ ಮಗುವಿಗೆ ಬೂಟು ಸಹಿತ ತೊಡಿಸಿ ಮನೆಯ ಮೆಟ್ಟಿಲು ಹತ್ತಿಸಿ ನೋಡಬೇಕು. ಘೇರು ಕಾಲಿಗೆ ತೊಡರಿದರೆ ಮಡಿಕೆಯನ್ನು ಇನ್ನರ್ಧ ಇಂಚು ಮೇಲೆತ್ತಿ.