ನೆಟ್ಟ ಮಾವಿನ ಕಸಿ ಗಿಡ ಸೊರಗಿದರೆ ನಾನು ಮಾಡುವುದು

ಆರಿದ್ರ ಮಳೆಗೆ ನೆಟ್ಟ ಮಾವಿನ ಕಸಿ ಗಿಡ ಆಷಾಢದ ಗಾಳಿಗೆ ಸೊರಗುವುದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಪ್ರತಿ ವರ್ಷ ಇದ್ದದ್ದೇ. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ಕೆಳಗಿನ ಎಲೆ ಉದುರುತ್ತವೆ, ತುದಿ ಒಣಗುತ್ತಾ ಇಳಿಯುತ್ತದೆ. ಆಗ ಬಹಳ ಜನ ಮಾಡುವುದು ಎರಡೇ ಕೆಲಸ. ಪಾತಿ ತುಂಬ ನೀರು ಬಿಡುತ್ತಾರೆ, ಬುಡಕ್ಕೆ ಒಂದು ಹಿಡಿ ಯೂರಿಯಾ ಹಾಕುತ್ತಾರೆ. ಬದುಕಬಹುದಾಗಿದ್ದ ಗಿಡವೂ ಸಾಯುವುದು ಹೆಚ್ಚಾಗಿ ಇದರಿಂದಲೇ.

ನೆಟ್ಟ ಮೊದಲ ನಾಲ್ಕಾರು ವಾರ ಗಿಡ ಬದುಕಿರುವುದು ನರ್ಸರಿ ಚೀಲದಿಂದ ಬಂದ ಮಣ್ಣಿನ ಮುದ್ದೆಯಲ್ಲಿ. ನೀವು ತೋಡಿ, ಗೊಬ್ಬರ ಹಾಕಿ ತುಂಬಿದ ಗುಂಡಿಗೆ ಅದರ ಬೇರು ಇನ್ನೂ ಇಳಿದೇ ಇರುವುದಿಲ್ಲ. ಚೀಲದ ಮಣ್ಣು ಬಹುಪಾಲು ಕೆಮ್ಮಣ್ಣು. ಒಮ್ಮೆ ಪೂರ್ತಿ ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗಿ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲಿನ ಸಡಿಲ ಮಣ್ಣು ನೀರೆಲ್ಲ ಕುಡಿದುಬಿಡುತ್ತದೆ. ಪಾತಿ ಕೆಸರಾಗಿದ್ದರೂ ಮುದ್ದೆ ಒಳಗೆ ಒಣಗಿಯೇ ಇರುತ್ತದೆ. ಹಾಗಾಗಿ ಸೊರಗಿದ ಗಿಡದ ಮುಂದೆ ಕೂತು ನಾನು ಮೊದಲು ನೋಡುವುದು ಎಲೆಯನ್ನಲ್ಲ, ಮಣ್ಣನ್ನು. ಕಾಂಡದಿಂದ ಎರಡು ಬೆರಳು ದೂರದಲ್ಲಿ ಒಂದು, ಒಂದು ಗೇಣು ದೂರದಲ್ಲಿ ಇನ್ನೊಂದು, ಹೀಗೆ ಎರಡು ಕಡೆ ತೆಳು ಕಬ್ಬಿಣದ ಕಡ್ಡಿ ಅರ್ಧ ಅಡಿ ಇಳಿಸಿ ತೆಗೆದು ನೋಡುತ್ತೇನೆ. ಹೊರಗಿನದಕ್ಕೆ ಮಣ್ಣು ಮೆತ್ತಿಕೊಂಡು ಒಳಗಿನದು ಒಣಗಿ ಬಂದರೆ ಮುದ್ದೆ ಒಣಗಿದೆ. ಎರಡಕ್ಕೂ ಜಿಗುಟು ಮಣ್ಣು ಅಂಟಿ, ಹುಳಿ ವಾಸನೆ ಬಂದರೆ ಬೇರು ಉಸಿರುಗಟ್ಟಿದೆ. ಎರಡರಲ್ಲೂ ಎಲೆ ಬಾಡುವುದು ಒಂದೇ ಥರ, ಮದ್ದು ಮಾತ್ರ ತದ್ವಿರುದ್ಧ.

ಮುದ್ದೆ ಒಣಗಿದ್ದರೆ ದೊಡ್ಡ ಪಾತಿಯ ಒಳಗೇ ಮುದ್ದೆಯಷ್ಟೇ ಅಗಲಕ್ಕೆ ಒಂದು ಚಿಕ್ಕ ಬದು ಕಟ್ಟುತ್ತೇನೆ. ಪೆನ್ಸಿಲ್ ದಪ್ಪದ ಕಡ್ಡಿಯಿಂದ ಮುದ್ದೆಯಲ್ಲಿ ನಾಲ್ಕೈದು ತೂತು, ಕಾಂಡಕ್ಕೆ ತೀರಾ ಹತ್ತಿರ ಬೇಡ. ಮೊದಲು ಒಂದು ಲೀಟರ್ ನೀರು ನಿಧಾನವಾಗಿ ಹಾಕಿ, ಅದು ಇಂಗಿದ ಮೇಲೆ ಇನ್ನೊಂದು ಲೀಟರ್, ಅರ್ಧ ಗಂಟೆ ಬಿಟ್ಟು ಮತ್ತೆರಡು. ಒಂದೇ ಸಲ ಬಿಂದಿಗೆ ಸುರಿದರೆ ನೀರು ಪಕ್ಕಕ್ಕೆ ಜಾರಿಹೋಗುತ್ತದೆ. ಡ್ರಿಪ್ ಇದ್ದವರು ಗಂಟೆಗೆ ನಾಲ್ಕು ಲೀಟರ್‌ನ ಡ್ರಿಪ್ಪರ್ ಮುದ್ದೆಯ ಮೇಲೇ ಬೀಳುವ ಹಾಗೆ, ಕಾಂಡದಿಂದ ಮೂರು ನಾಲ್ಕು ಇಂಚಿನಲ್ಲಿ ಇಟ್ಟುಕೊಳ್ಳಬೇಕು. ದೊಡ್ಡ ಮರಕ್ಕೆ ಇಡುವಂತೆ ಎರಡಡಿ ದೂರ ಇಟ್ಟು, ದಿನಾ ನೀರು ಕೊಡುತ್ತಿದ್ದೇನೆ ಎನ್ನುವುದರಲ್ಲಿ ಅರ್ಥವಿಲ್ಲ. ಕೆಂಪು ಮರಳು ಮಣ್ಣಿನಲ್ಲಿ ಮಳೆ ಬಾರದಿದ್ದರೆ ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ, ತಿಂಗಳ ಹೊತ್ತಿಗೆ ಮೂರು ನಾಲ್ಕು ದಿನಕ್ಕೊಮ್ಮೆ. ಹೊಸ ಚಿಗುರು ಬಂದ ಮೇಲೆ ಡ್ರಿಪ್ಪರನ್ನು ಒಂದಡಿ ಹೊರಗೆ ಸರಿಸಿದರೆ ಬೇರು ನೀರನ್ನು ಹುಡುಕಿಕೊಂಡು ಹೊರಗೆ ಬರುತ್ತದೆ.

ನೀರು ನಿಂತ ಗಿಡದ ಕತೆ ಬೇರೆ. ಎರೆ ಮಣ್ಣಿನಲ್ಲಿ, ಅಥವಾ ಕೆಳಗೆ ಗಟ್ಟಿ ಗರಸು ಸಿಕ್ಕ ಜಾಗದಲ್ಲಿ, ಜೆಸಿಬಿ ತೋಡಿದ ಗುಂಡಿ ತೊಟ್ಟಿಯಾಗಿಬಿಡುತ್ತದೆ. ಬಕೆಟ್ಟಿನ ಹಲ್ಲು ಸವರಿದ ಗೋಡೆ ನುಣುಪಾಗಿ, ನೀರೂ ಇಳಿಯದು, ಬೇರೂ ನುಗ್ಗದು. ನೆಡುವ ಮೊದಲೇ ಗುಂಡಿಗೆ ಸಂಜೆ ನೀರು ತುಂಬಿ ಬೆಳಿಗ್ಗೆ ನೋಡಿ. ನೀರು ಇನ್ನೂ ನಿಂತಿದ್ದರೆ ತಳಕ್ಕೆ ಹಾರೆ ಹಾಕಿ ಒಡೆಯಬೇಕು, ಗೋಡೆಯನ್ನು ಗುದ್ದಲಿಯಿಂದ ಕೆತ್ತಬೇಕು. ಆಗಲೇ ನೆಟ್ಟಾಗಿದ್ದರೆ ಇಳಿಜಾರಿನ ಕಡೆ ಗುಂಡಿಯ ಪಕ್ಕದಿಂದ ಕಾಲುವೆ ತೆಗೆದು ನೀರು ಬಸಿಯಲು ಬಿಡುತ್ತೇನೆ. ಮೇಲಿನ ಎರಡಿಂಚು ಒಣಗುವವರೆಗೆ ಒಂದು ಹನಿ ನೀರೂ ಇಲ್ಲ. ಅಷ್ಟು ಒಣಗಿದ ಮೇಲೆ, ಬೇರು ಕೊಳೆಯುವ ಸೂಚನೆ ಇದ್ದರೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ ಬುಡಕ್ಕೆ ಎರಡು ಲೀಟರ್ ಸುರಿಯುತ್ತೇನೆ. ಹೊದಿಕೆ ಹಾಕಿದ್ದರೆ ಅಷ್ಟು ದಿನ ತೆಗೆದಿಡಿ. ಬೇರಿನ ತುದಿ ಬೆಳ್ಳಗಿದ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಕಂದಾಗಿ, ಎಳೆದರೆ ಸಿಪ್ಪೆ ಕೈಗೆ ಬರುತ್ತಿದ್ದರೆ ಆಸೆ ಕಡಿಮೆ.

ಎಲ್ಲ ಬಾಡಿಕೆಯೂ ರೋಗವಲ್ಲ. ಮಾವಿನ ಎಳೆ ಚಿಗುರು ತಾಮ್ರದ ಬಣ್ಣದಲ್ಲಿ ಹುಟ್ಟಿ ಜೋತುಬಿದ್ದೇ ಇರುತ್ತದೆ. ಅದರ ಸ್ವಭಾವವೇ ಹಾಗೆ, ಹಸಿರಾಗುತ್ತಾ ತಾನೇ ನೆಟ್ಟಗಾಗುತ್ತದೆ. ಇದನ್ನು ನೋಡಿ ಗಾಬರಿಯಾಗಿ ನೀರು ಹೆಚ್ಚಿಸುವವರಿದ್ದಾರೆ. ಎಳೆ ಎಲೆಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿ ತುಂಡಾಗಿ ಬುಡದಲ್ಲಿ ಬಿದ್ದಿದ್ದರೆ ಅದು ಎಲೆ ಕತ್ತರಿಸುವ ಮೂತಿಹುಳುವಿನ ಕೆಲಸ, ನಾಟಿಯ ಸುಸ್ತಲ್ಲ. ಬಿದ್ದ ತುಂಡುಗಳಲ್ಲೇ ಅದರ ಮೊಟ್ಟೆ ಇರುತ್ತದೆ, ಗುಡಿಸಿ ಸುಟ್ಟುಬಿಡಿ. ಗಿಡ ಒಂದೇ ಸಲಕ್ಕೆ ಪೂರ್ತಿ ಬಾಡಿ, ಬುಡದ ತೊಗಟೆ ಮೇಲೆ ಮಣ್ಣಿನ ಪದರ ಕಂಡರೆ ಗೆದ್ದಲು. ಮೂರ್ನಾಲ್ಕು ತಿಂಗಳಾದ ಮೇಲೆ ಕಾರಣವಿಲ್ಲದೆ ಮಂಕಾದ ಗಿಡದಲ್ಲಿ ಕಸಿ ಗಂಟಿನ, ಅಂದರೆ ಬುಡದ ಸಸಿಗೆ ತಳಿಯ ಕಡ್ಡಿ ಬೆಸೆದ ಜಾಗದ, ಪ್ಲಾಸ್ಟಿಕ್ ಪಟ್ಟಿ ನೋಡಿ. ಬಿಚ್ಚದೆ ಬಿಟ್ಟ ಪಟ್ಟಿ ಕಾಂಡದೊಳಗೆ ಕಚ್ಚಿ ರಸ ಹರಿಯಲು ಬಿಡುವುದಿಲ್ಲ, ಜೋರು ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. ಬ್ಲೇಡಿನಿಂದ ಉದ್ದುದ್ದ ಸೀಳಿ ತೆಗೆದರೆ ಸಾಕು.

ಎಲೆಯೆಲ್ಲ ಉದುರಿದ ಗಿಡವನ್ನು ಕಿತ್ತೆಸೆಯುವ ಮುನ್ನ ಉಗುರಿನಿಂದ ತೊಗಟೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವವಿದೆ. ತುದಿಯಿಂದ ಕೆಳಗೆ ಕೆರೆಯುತ್ತಾ ಬಂದು, ಹಸಿರು ಸಿಕ್ಕ ಜಾಗದಿಂದ ಒಂದಿಂಚು ಕೆಳಗೆ ಓರೆಯಾಗಿ ಕತ್ತರಿಸಿ ಬೋರ್ಡೋ ಮುಲಾಮು ಹಚ್ಚುತ್ತೇನೆ. ಮೈಲುತುತ್ತ (ಕಾಪರ್ ಸಲ್ಫೇಟ್) 100 ಗ್ರಾಂ, ಸುಣ್ಣ 100 ಗ್ರಾಂ ಬೇರೆ ಬೇರೆ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಸೇರಿಸಬೇಕು. ಹಸಿರಿರುವ ಕೊಂಬೆ, ಎಲೆ ಯಾವುದನ್ನೂ ಮುಟ್ಟುವುದಿಲ್ಲ. ನೆಟ್ಟ ಕೂಡಲೇ ಎಲೆ ಅರ್ಧರ್ಧ ಕತ್ತರಿಸುವ ಪದ್ಧತಿ ನಮ್ಮಲ್ಲಿದೆ. ಮುದ್ದೆ ಒಡೆದು ಬೇರು ತುಂಡಾಗಿದ್ದರೆ ಅದು ಸರಿ, ಇಲ್ಲದಿದ್ದರೆ ಬೇಡ, ಹೊಸ ಬೇರಿಗೆ ಊಟ ಬರುವುದು ಆ ಎಲೆಯಿಂದಲೇ. ಕಸಿ ಗಂಟಿನವರೆಗೂ ಒಣಗಿ, ಗಂಟಿನ ಕೆಳಗಿಂದ ಚಿಗುರಿದರೆ ಖುಷಿಪಡಬೇಡಿ, ಅದು ಕಸಿಗೆ ಬುಡವಾಗಿ ಬಳಸಿದ ಕಾಡು ಸಸಿ. ನೀವು ತಂದ ಮಾವಿನ ತಳಿ ಬಾದಾಮಿಯೂ ಆಗದು, ಮಲ್ಲಿಕಾವೂ ಆಗದು. ಆದರೆ ಬೇರು ಗಟ್ಟಿಯಿರುವುದರಿಂದ ಅದನ್ನು ಉಳಿಸಿಕೊಂಡು, ಕಾಂಡ ಪೆನ್ಸಿಲ್ ದಪ್ಪವಾದ ಮೇಲೆ ಮುಂದಿನ ಮಳೆಗಾಲದಲ್ಲಿ ಅಲ್ಲೇ ಕಸಿ ಕಟ್ಟಿಸಬಹುದು. ಹೊಸ ಗಿಡ ನೆಡುವುದಕ್ಕಿಂತ ಎಷ್ಟೋ ಸಲ ಇದೇ ವಾಸಿ.

ಇನ್ನು ನೆರಳು ಮತ್ತು ಗಾಳಿ. ನರ್ಸರಿಯ ನೆರಳುಪರದೆ ಕೆಳಗೆ ಬೆಳೆದ ಎಲೆಗೆ ಬಯಲಿನ ಬಿಸಿಲು ತಡೆಯುವುದಿಲ್ಲ. ತಂದ ಗಿಡವನ್ನು ಹತ್ತು ಹದಿನೈದು ದಿನ ಮರದ ಕೆಳಗಿಟ್ಟು, ದಿನದಿನಕ್ಕೆ ಹೆಚ್ಚು ಬಿಸಿಲಿಗೆ ಸರಿಸಿ ನೆಟ್ಟರೆ ಅರ್ಧ ತೊಂದರೆ ಬರುವುದೇ ಇಲ್ಲ. ಟೆಂಪೋದಲ್ಲಿ ತರುವಾಗ ಟಾರ್ಪಾಲು ಹೊದಿಸದೆ ಬಂದರೆ ಗಾಳಿಗೇ ಎಲೆ ಒಣಗಿರುತ್ತದೆ. ನೆಟ್ಟ ಮೇಲೆ ಪಶ್ಚಿಮಕ್ಕೆ ಎರಡು ತೆಂಗಿನ ಗರಿ ನೆಡುತ್ತೇನೆ, ಮಧ್ಯಾಹ್ನದ ಬಿಸಿಲು, ಆಷಾಢದ ಗಾಳಿ ಎರಡೂ ಆ ಕಡೆಯಿಂದಲೇ. ಪೂರ್ವ ತೆರೆದೇ ಇರಲಿ. ಗಾಳಿಗೆ ಗಿಡ ಓಲಾಡಿದಷ್ಟೂ ಆಗತಾನೇ ಬಿಟ್ಟ ಎಳೆ ಬೇರು ಕಿತ್ತುಬರುತ್ತದೆ. ಗೂಟವನ್ನು ಮುದ್ದೆಯ ಹೊರಗೆ ಹೊಡೆದು, ಹತ್ತಿ ಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಪ್ಲಾಸ್ಟಿಕ್ ದಾರ ಕಾಂಡ ಕೊಯ್ಯುತ್ತದೆ.

ಹೊದಿಕೆಗೆ ಒಣ ಎಲೆ, ಹುಲ್ಲು, ತೆಂಗಿನ ಸಿಪ್ಪೆ ಯಾವುದಾದರೂ ಸರಿ, ಮೂರಿಂಚು ದಪ್ಪ. ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಬೇಕು, ತಾಗಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲೂ ಹತ್ತುತ್ತದೆ. ಗೆದ್ದಲಿನ ಜಾಗದಲ್ಲಿ ಗುಂಡಿಗೆ ಒಂದು ಕಿಲೋ ಬೇವಿನ ಹಿಂಡಿ ಸೇರಿಸಿ, ಅರೆಬೆಂದ ಕೊಟ್ಟಿಗೆ ಗೊಬ್ಬರ ಮಾತ್ರ ಬೇಡ.

ಗುಂಡಿಯ ಮಣ್ಣು ಒಂದೆರಡು ಮಳೆಗೆ ಕುಸಿಯುತ್ತದೆ, ಅದರ ಜೊತೆ ಗಿಡವೂ ಇಳಿದು ಕಸಿ ಗಂಟು ಮಣ್ಣಿನೊಳಗೆ ಹೋಗುತ್ತದೆ. ಅದಕ್ಕೇ ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿ ನೆಡುವುದು. ಗಂಟು ಹೂತಿದ್ದರೆ ಮಣ್ಣು ಬಿಡಿಸಿ ನಾಲ್ಕು ಬೆರಳಾದರೂ ಮೇಲೆ ಕಾಣುವಂತೆ ಮಾಡಿ.

ಗೊಬ್ಬರದ ಆತುರ ಬೇಡ. ಎಳೆ ಬೇರಿನ ಪಕ್ಕ ಯೂರಿಯಾ ಬಿದ್ದರೆ ಮಣ್ಣಿನ ನೀರು ಉಪ್ಪಾಗಿ, ಬೇರು ನೀರು ಕುಡಿಯಲಾರದೆ ಸುಡುತ್ತದೆ. ಮೊದಲ ಚಿಗುರು ಬಂದಾಗಲೂ ಕೊಡುವುದಿಲ್ಲ. ಆ ಚಿಗುರು ಕಾಂಡದಲ್ಲಿ ಉಳಿದಿದ್ದ ಶಕ್ತಿಯಿಂದಲೂ ಬಂದಿರಬಹುದು, ಬೇರು ಬಿಟ್ಟಿದೆ ಎಂಬ ಖಾತ್ರಿಯಿಲ್ಲ. ಎರಡನೆಯ ಚಿಗುರು ಬಂದು ಎಲೆ ಕಡು ಹಸಿರಾಗಿ ಗಟ್ಟಿಯಾದ ಮೇಲೆ, ಒಂದಡಿ ದೂರದಲ್ಲಿ ಉಂಗುರದಂತೆ ಎರೆಹುಳು ಗೊಬ್ಬರ ಎರಡು ಕಿಲೋ ಹಾಕಿ ಮಣ್ಣು ಮುಚ್ಚುತ್ತೇನೆ. ನೆರಳಿಗೆ ನೆಟ್ಟ ತೆಂಗಿನ ಗರಿ ತೆಗೆಯುವುದೂ ಆಗಲೇ, ಒಂದೇ ದಿನ ಎರಡನ್ನೂ ಕೀಳದೆ ವಾರ ಬಿಟ್ಟು ಒಂದೊಂದು. ಡಿಸೆಂಬರ್, ಜನವರಿಯಲ್ಲಿ ಈ ಎಳೆ ಗಿಡವೇ ಹೂ ಬಿಟ್ಟರೂ ಬಿಟ್ಟೀತು. ಮೊದಲ ಮೂರು ವರ್ಷ ಹೂಗೊಂಚಲನ್ನು ಬುಡದಲ್ಲೇ ಚಿವುಟುತ್ತೇನೆ, ನೆಂಟರು ಒಂದು ಕಾಯಾದರೂ ಬಿಡು ಎಂದರೂ ಸರಿ.